ಶೋರೂಮೋ, ಗ್ಯಾರೇಜೋ

ಹುಬ್ಬಳ್ಳಿಯ ಆಸ್ಪತ್ರೆಯಿಂದ ರಾಣೆಬೆನ್ನೂರಿಗೆ ಮರಳುವಾಗ ಫಕ್ಕೀರಪ್ಪನ ಹಳೆಯ ಕಾರು ದಾರಿಯಲ್ಲೇ ಕೆಟ್ಟು ನಿಂತಿತು. ಗೇರ್‌ಬಾಕ್ಸ್ ಹೋಗಿದೆ, ಹೊಸದೇ ಹಾಕಿಸಬೇಕು ಎಂದರು ನೋಡಿದವರು. ಹೆಂಡತಿ ಶಿವಲೀಲಾಳನ್ನು ಚಿಕಿತ್ಸೆಗೆ ಕರೆದೊಯ್ಯಲು ಅವನಿಗೆ ಆ ಕಾರು ಬೇಕೇ ಬೇಕಿತ್ತು.

"ಕಂಪನಿ ಶೋರೂಮಿಗೇ ಕೊಡೂಣು," ಎಂದು ಮನೆ ತಲುಪಿದ ಮೇಲೆ ಹೆಂಡತಿಗೆ ಹೇಳಿದ ಅವನು.

"ಅವರು ಭಾಳ ದಿನ ಇಟ್ಕೊಂತಾರ್ರಿ. ದಾವಲಸಾಬರ ಗ್ಯಾರೇಜಿಗೆ ಕೊಡ್ರಿ. ನಮ್ಮ ಗಾಡಿ ಮೊದಲಿಂದ ನೋಡಿದವರು ಅವರ."

"ದಾವಲಸಾಬ ಬರೇ ಆರು ತಿಂಗಳ ಗ್ಯಾರಂಟಿ ಕೊಡ್ತಾನ. ಶೋರೂಮ್‌ದವರು ಮೂರು ವರ್ಷದ್ದು ಕೊಡ್ತಾರ."

"ಮೂರು ವರ್ಷದ್ದು ಯಾಕ್ ಬೇಕ್ರಿ?"

"ಯಾಕಂದ್ರ? ನಿನಗ ಆರಾಮಾದ ಮ್ಯಾಲ ಗೋಕರ್ಣಕ್ಕ ಹೋಗೂದೈತಿ. ಸೊಲ್ಲಾಪುರಕ್ಕ ನಿನ್ನ ತಂಗಿ ಮನಿಗೆ ಹೋಗೂದೈತಿ. ಇನ್ನೂ ಎಷ್ಟು ತಿರಗೂದೈತಿ!"

ಅವನು ಅವಳ ಮುಖ ನೋಡದೆ, ಕಿಟಕಿಯ ಕಡೆ ತಿರುಗಿ, ಬೇಕಿದ್ದಕ್ಕಿಂತ ಜೋರಾಗಿ ಹೇಳುತ್ತಿದ್ದ. ಶಿವಲೀಲಾ ಹತ್ತಿರ ಬಂದು ಅವನ ಕೈ ಹಿಡಿದಳು.

"ಆರು ತಿಂಗಳ ಗ್ಯಾರಂಟಿ ಸಾಕ್ರಿ. ಡಾಕ್ಟರು ನಿಮ್ಮನ್ನ ಹೊರಗ ಕರದು ಹೇಳಿದ್ದು ನನಗೂ ಕೇಳಿಸೇತಿ."