ಇದ್ದಿಲಿನ ಲಾಟೀನು

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಕೈಯಲ್ಲಿನ ಕುಂಚ ನಿಂತುಬಿಡುತ್ತದೆ.

ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ನಮ್ಮ ಲಾಟೀನು ಗೂಟದಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅಕ್ಕನನ್ನು ನೋಡಲು ಹತ್ತಿರದ ಮಧುರೆಯಿಂದ ಗಂಡಿನವರು ಬರುವವರಿದ್ದರು. ಆ ಮಧ್ಯಾಹ್ನ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಅವಳು ಲಾಟೀನನ್ನೂ ಮೊರವನ್ನೂ ಇದ್ದಿಲಿನಲ್ಲಿ ಬರೆದಳು. ಮೊರದ ಹರಿದ ಅಂಚನ್ನೂ ಬಿಡಲಿಲ್ಲ.

"ಯಾರ್ಲಾ ಇದ್ನ ಬರ್ದಿದ್ದು?" ಅಪ್ಪ ನನ್ನನ್ನು ಕೇಳಿದ. ನಾನು ಅಕ್ಕನತ್ತ ಕೈ ತೋರಿಸಿದೆ.

"ಗೋಡೆ ಮೇಲೆ ಗೀಚೋಳ್ನ ಯಾರು ಮನೆ ತುಂಬಿಸ್ಕೊಂತಾರೆ? ನೀನೇ ಬಳ್ದು ಮುಚ್ಚು," ಅಪ್ಪ ಅವಳತ್ತ ತಿರುಗಿ ಹೇಳಿದ.

ಅವಳು ಬಳಿದಳು. ಸುಣ್ಣಕ್ಕೆ ಅವಳ ಬೆರಳುಗಳು ಬಿರಿದವು. ಮತ್ತೆಂದೂ ಇದ್ದಿಲು ಹಿಡಿಯಲಿಲ್ಲ.

ಈಗ ಲಾಟೀನು, ಹರಿದ ಮೊರದ ನನ್ನ ಚಿತ್ರಗಳೆದುರು ನಿಂತು ಜನ ಕೇಳುತ್ತಾರೆ, "ಯಾರು ಬರೆದದ್ದು?"

ನಾನೇ ಎನ್ನುತ್ತೇನೆ.