ಮಗನಿಗೆ ಅರವತ್ತು

ಮರದ ತೊಗಟೆಯ ಬಟ್ಟೆಯನ್ನು ಹೆಗಲ ಮೇಲೆ ಬಿಗಿದು ಗಂಟು ಹಾಕಿದ ಕ್ಷಣದಲ್ಲೇ ಹತ್ತೊಂಬತ್ತರ ನಲ್ವೋಗಾ ಅರವತ್ತು ವರ್ಷದ ರಾಜನಿಗೆ ತಾಯಿಯಾದಳು. ರಾಜನನ್ನು ಹೆತ್ತವಳು, ನಲ್ವೋಗಾಳ ಸೋದರತ್ತೆ, ಹೋದ ತಿಂಗಳು ತೀರಿಕೊಂಡಿದ್ದಳು. ಆದರೆ ಬುಗಾಂಡ ರಾಜ್ಯದಲ್ಲಿ ರಾಜಮಾತೆಯ ಪೀಠ ಖಾಲಿ ಇರುವಂತಿಲ್ಲ. ತೀರಿಕೊಂಡವಳ ತವರಿನ ಹೆಣ್ಣೊಬ್ಬಳು ಅದರಲ್ಲಿ ಕೂರಲೇಬೇಕು. ಕೂತವಳು ಮದುವೆಯಾಗುವಂತಿಲ್ಲ.

“ರಾಜನ ಅಮ್ಮನಿಗೆ ಗಂಡ ಯಾಕೇ?” ಎಂದು ನಕ್ಕು, ನಗಾರಿಯ ಕಾಗ್ವಾ ಅವಳನ್ನು ಮದುವೆಗೆ ಕೇಳಲು ತಂದಿದ್ದ ಬಾಳೆಹಣ್ಣಿನ ಹೆಂಡದ ಸೋರೆಬುರುಡೆಗಳನ್ನು ಅಪ್ಪ ಮುಬೀರು ಹಾಗೇ ವಾಪಸು ಕಳಿಸಿದ್ದ. “ನೀನು ಆ ಪೀಠದಲ್ಲಿ ಕೂತ್ರೆ ನಮ್ಮ ಕುಲಕ್ಕೆ ಹತ್ತು ಗುಡ್ಡದ ಭೂಮಿ ಬರ್ತದೆ. ನಿಂಗೆ ಆ ನಗಾರಿ ಬಡಿಯೋನೇ ಬೇಕಾ?”

ಈಗ ಅದೇ ಅಪ್ಪ ಎಲ್ಲರಿಗಿಂತ ಮೊದಲು ಬಂದು ಅವಳೆದುರು ಮಂಡಿಯೂರಿ, “ಅಮ್ಮಾ” ಎಂದ. ಬುದ್ಧಿ ಬಂದಾಗಿನಿಂದ, ನೀರು ಕೊಡುವಾಗಲೂ ಬೇಯಿಸಿದ ಬಾಳೆಕಾಯಿ ಬಡಿಸುವಾಗಲೂ ಅವನೆದುರು ಮಂಡಿಯೂರುತ್ತಿದ್ದವಳು ಅವಳು. ಅವನ ಮಂಡಿನೋವಿಗೆ ಎಣ್ಣೆ ತಿಕ್ಕುತ್ತಿದ್ದವಳೂ ಅವಳೇ. ರಾಜಮಾತೆ ಏಳು ಎನ್ನದೆ ಯಾರೂ ಏಳುವಂತಿರಲಿಲ್ಲ.

“ಏಳು ಅನ್ನೇ ಮಗಳೇ, ಮಂಡಿ ಹಿಡ್ಕೊಂಡ್ಬಿಟ್ಟಿದೆ,” ಎಂದು ಅವನು ಪಿಸುಗುಟ್ಟಿದ.

ಅಷ್ಟರಲ್ಲಿ ನಗಾರಿಯವರ ಸರದಿ ಬಂತು. ಕಾಗ್ವಾ ಅಪ್ಪನ ಪಕ್ಕದಲ್ಲೇ ಮಂಡಿಯೂರಿದ. ತಲೆ ಎತ್ತದೆ, ಎಲ್ಲರಿಗೂ ಕೇಳುವಂತೆ, “ಅಮ್ಮಾ” ಎಂದ.

ನಲ್ವೋಗಾ ತೊಗಟೆಬಟ್ಟೆಯ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ನಗಾರಿಯವನು ಏಳಲಿ,” ಎಂದಳು.

ಕಾಗ್ವಾ ಎದ್ದು, ತಿರುಗಿಯೂ ನೋಡದೆ ಹೋದ. ಅಪ್ಪ ಕತ್ತೆತ್ತಿ ಕಾಯುತ್ತಿದ್ದ.

“ಮುಂದಿನವರು ಬರಲಿ,” ಎಂದಳು ರಾಜಮಾತೆ.