ಕನ್ನಡಿ ಒರೆಸುವ ಟವೆಲ್ಲು

"ಅಪ್ಪಾ, ಅದು ಕನ್ನಡಿ ಒರೆಸೋ ಟವೆಲ್ಲು!" ಮಗಳು ಸಿಡುಕಿದಳು. ಕಾರು ಕೊಳ್ಳುವವರು ಬೀದಿಯ ತಿರುವಿಗೆ ಬಂದಿದ್ದೇವೆಂದು ಫೋನು ಮಾಡಿದ್ದರು. ತೊಳೆದ ಕಾರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ಮಾತ್ರ ಅಂಗೈಯಗಲದ ಮೈಕ್ರೋಫೈಬರ್ ತುಂಡು ಹಿಡಿದು ಬಾನೆಟ್ಟಿನ ಒಂದು ಮೂಲೆಯನ್ನೇ ಸವರುತ್ತಿದ್ದರು.

ಕಾರಿನ ಮೈಗೆ ದೊಡ್ಡದು, ಕನ್ನಡಿಗೆ ಚಿಕ್ಕದು ಎಂದು ಅವಳಿಗೆ ಕಲಿಸಿದವರೇ ಅವರು. ಕಣ್ಣು ಮಂಜಾಗಿ ಅವರು ಕಾರನ್ನು ಗೇಟಿಗೆ ಗುದ್ದಿದ ಮೇಲೆ, ಹಟ ಹಿಡಿದು ಮಾರಾಟಕ್ಕೆ ಒಪ್ಪಿಸಿದವಳು ಅವಳು. ಗಡಿಬಿಡಿಯಲ್ಲಿ ದುಪ್ಪಟಿಯಷ್ಟಗಲದ ಟವೆಲ್ಲನ್ನು ಕಾರಿನ ಟಾಪಿನ ಮೇಲೆ ಹಾಸಿ ಒಂದೇ ಸಲ ಎಳೆದಳು. ಟಾಪು ಒಣಗಿ ಫಳಫಳ ಹೊಳೆಯಿತು. "ನೋಡಿ, ಇದ್ರಲ್ಲಿ ಎರಡು ನಿಮಿಷದ ಕೆಲಸ. ಅದ್ರಲ್ಲಿ ಒರೆಸ್ತಾ ಕೂತ್ರೆ ಸಂಜೆ ಆಗುತ್ತೆ."

"ಆಗ್ಲಿ ಬಿಡಮ್ಮ," ಎಂದರು ಅಪ್ಪ, ತಲೆಯೆತ್ತದೆ.

ಗೇಟಿನಾಚೆ ಹಾರ್ನ್ ಕೇಳಿಸಿತು. ಅವಳು ಅಪ್ಪನತ್ತ ತಿರುಗಿದಳು; ಅವರ ಕೈ ಇನ್ನೂ ಬಾನೆಟ್ಟಿನ ಅದೇ ಮೂಲೆಯನ್ನು ಸವರುತ್ತಿತ್ತು. ಕೈಲಿದ್ದ ದೊಡ್ಡ ಟವೆಲ್ಲನ್ನು ಬಕೆಟ್ಟಿನ ನೀರಿಗೆ ಅದ್ದಿಬಿಟ್ಟಳು. "ಸ್ವಲ್ಪ ಕಾಯ್ಬೇಕಾಗುತ್ತೆ, ಇನ್ನೂ ಒರೆಸೋದು ತುಂಬಾ ಇದೆ!" ಎಂದು ಗೇಟಿನತ್ತ ಕೂಗಿದಳು. ಡಿಕ್ಕಿಯಲ್ಲಿ ತಡಕಾಡಿ ಇನ್ನೊಂದು ಚಿಕ್ಕ ಟವೆಲ್ಲು ತೆಗೆದು, ಆಗಲೇ ಒಣಗಿದ್ದ ಟಾಪನ್ನೇ ಮತ್ತೆ ಒರೆಸತೊಡಗಿದಳು.